ಲಾಗಿನ್ ಆದ ಕೂಡಲೇ ಏನು ಶುರುವಾಗಬೇಕು?

ನಮ್ಮ ಕಂಪ್ಯೂಟರ್ ಲ್ಯಾಬ್ ನಿಧಾನ ಎಂಬ ದೂರು ಹಳೆಯದು. ಸಿಇಬಿಎ ಕಾಂಬಿನೇಶನ್ ತೆಗೆದುಕೊಂಡ ನಮಗೆಲ್ಲ ಅದು ಗೊತ್ತು. ಅದಕ್ಕೆ ಸಿಗುವ ಉತ್ತರವೂ ಹಳೆಯದೇ: ಮೆಷಿನ್‌ಗಳಿಗೆ ವಯಸ್ಸಾಗಿದೆ, ಹೊಸದು ಬರಬೇಕು. ಹೊಸದು ಬಂದರೆ ಸಂತೋಷವೇ. ಆದರೆ ಅದಕ್ಕೂ ಮೊದಲು ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ ಎಂಬುದು ನನ್ನ ಅಭಿಪ್ರಾಯ. ಲಾಗಿನ್ ಆದ ಕೂಡಲೇ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿಯನ್ನು ತೆರೆದು ನೋಡುವುದು.

ಲ್ಯಾಬ್‌ನಲ್ಲಿರುವುದು ಲಿನಕ್ಸ್ ಮಿಂಟ್. ಅದರ ಮೆನುವಿನಲ್ಲಿ ‘ಸ್ಟಾರ್ಟ್‌ಅಪ್ ಅಪ್ಲಿಕೇಶನ್ಸ್’ ಎಂದು ಹುಡುಕಿದರೆ ಪಟ್ಟಿ ಸಿಗುತ್ತದೆ. ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಅದರ ಹೆಸರು ‘ಆಟೋಸ್ಟಾರ್ಟ್’. ಹೆಸರು ಬೇರೆಯಾದರೂ ಒಳಗಿನ ಕ್ರಮ ಒಂದೇ. ಏಕೆಂದರೆ ಈ ಡೆಸ್ಕ್‌ಟಾಪ್‌ಗಳು ‘ಫ್ರೀಡೆಸ್ಕ್‌ಟಾಪ್’ ಎಂಬ ಯೋಜನೆ ರೂಪಿಸಿದ ಒಂದೇ ನಿಯಮವನ್ನು ಪಾಲಿಸುತ್ತವೆ. ಪ್ರತಿ ಪ್ರೋಗ್ರಾಂಗೂ ಒಂದು ಚಿಕ್ಕ ಫೈಲ್. ಎಲ್ಲ ಬಳಕೆದಾರರಿಗೂ ಅನ್ವಯಿಸುವ ಫೈಲ್‌ಗಳು ಸಿಸ್ಟಂನ ‘ಇಟಿಸಿ’ ಫೋಲ್ಡರ್‌ನಲ್ಲಿರುತ್ತವೆ. ನಮ್ಮದಷ್ಟೇ ಆದವು ನಮ್ಮ ಹೋಮ್ ಫೋಲ್ಡರ್‌ನ ‘ಡಾಟ್ ಕಾನ್ಫಿಗ್’ ಒಳಗಿರುತ್ತವೆ. ಆ ಫೋಲ್ಡರ್ ಸುಮ್ಮನೆ ಕಾಣುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಫೈಲ್ ತೆರೆದರೆ ಯಾವ ಪ್ರೋಗ್ರಾಂ ಓಡುತ್ತದೆ ಎಂದು ಯಾರು ಬೇಕಾದರೂ ಓದಬಹುದು. ಓಪನ್ ಸೋರ್ಸ್‌ನಲ್ಲಿ ನನಗೆ ಇಷ್ಟವಾದದ್ದು ಇದೇ. ಲೆಕ್ಕದ ಪುಸ್ತಕ ನಮ್ಮ ಮುಂದೆಯೇ ತೆರೆದಿರುತ್ತದೆ.

ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಇದು ಬ್ಯಾಂಕಿಗೆ ಕೊಟ್ಟ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಇದ್ದಂತೆ. ಒಮ್ಮೆ ಸಹಿ ಹಾಕಿದರೆ ಸಾಕು, ನಾವು ಮರೆತರೂ ಹಣ ಹೋಗುತ್ತಲೇ ಇರುತ್ತದೆ. ಇಲ್ಲಿ ಹೋಗುವುದು ಮೆಮೊರಿ ಮತ್ತು ಸಮಯ. ಬಳಸಿದರೂ ಬಳಸದಿದ್ದರೂ ತೆರಬೇಕಾದ ಸ್ಥಿರ ವೆಚ್ಚ ಅದು. ಪ್ರಾಕ್ಟಿಕಲ್‌ನಲ್ಲಿ ನಮಗೆ ಬೇಕಾದದ್ದು ಲಿಬ್ರೆಆಫೀಸ್ ಕ್ಯಾಲ್ಕ್ ಒಂದೇ ಇದ್ದರೂ, ಯಾರೋ ಹಾಕಿಹೋದ ಚಾಟ್ ಆ್ಯಪ್, ಡೌನ್‌ಲೋಡ್ ಮಾಡುವ ಪ್ರೋಗ್ರಾಂ ಎಲ್ಲ ಮೊದಲು ಎದ್ದು ಕೂರುತ್ತವೆ.

ನಿಧಾನಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಲ್ಯಾಬ್‌ನಲ್ಲಿ ಎಲ್ಲರಿಗೂ ಇರುವುದು ಒಂದೇ ಲಾಗಿನ್. ಬೆಳಗಿನ ಬ್ಯಾಚ್‌ನ ಹುಡುಗಿ ಚಾಟ್ ಆ್ಯಪ್‌ನಿಂದ ಹೊರಬರದೆ ಹೋದರೆ, ಮಧ್ಯಾಹ್ನ ಕೂತ ಹುಡುಗನ ಪರದೆಯ ಮೂಲೆಯಲ್ಲಿ ಅವಳಿಗೆ ಬಂದ ಮೆಸೇಜ್ ಕಾಣುತ್ತದೆ. ಇದು ಸಣ್ಣ ವಿಷಯವಲ್ಲ. ಸ್ವಂತ ಪಟ್ಟಿಗೆ ಪ್ರೋಗ್ರಾಂ ಸೇರಿಸಲು ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಡ. ಸೇರಿದ ಪ್ರೋಗ್ರಾಂ ಲಾಗಿನ್ ಆದವರ ಫೈಲ್‌ಗಳನ್ನೆಲ್ಲ ಓದಬಲ್ಲದು. ಕೆಟ್ಟ ಉದ್ದೇಶದವರಿಗೆ ಇದಕ್ಕಿಂತ ಸುಲಭದ ಬಾಗಿಲು ಯಾವುದು?

ಹಾಗಾದರೆ ಎಲ್ಲವನ್ನೂ ತೆಗೆದುಹಾಕೋಣ ಎನ್ನುವ ಗೆಳೆಯರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್‌ನ ಚಿಕ್ಕ ಪ್ರೋಗ್ರಾಂ ನಿಲ್ಲಿಸಿದರೆ ವೈಫೈ ಚಿಹ್ನೆಯೇ ಮಾಯವಾಗುತ್ತದೆ. ಇನ್ನೂ ಮುಖ್ಯವಾದ ಉದಾಹರಣೆ ‘ಓರ್ಕಾ’. ಅದು ಪರದೆಯಲ್ಲಿರುವುದನ್ನು ಓದಿ ಹೇಳುವ ಉಚಿತ ಪ್ರೋಗ್ರಾಂ. ಕಣ್ಣು ಕಾಣದ ವಿದ್ಯಾರ್ಥಿಗೆ ಅದು ತಾನಾಗಿ ಶುರುವಾಗದಿದ್ದರೆ ಮುಂದುವರಿಯುವುದು ಕಷ್ಟ. ಅದನ್ನು ಶುರುಮಾಡಲು ಬೇರೆಯವರನ್ನು ಕರೆಯಬೇಕಾಗಬಹುದು. ಆದ್ದರಿಂದ ತಾನಾಗಿ ಶುರುವಾಗುವುದು ತಪ್ಪಲ್ಲ. ಯಾರನ್ನೂ ಕೇಳದೆ ಶುರುವಾಗುವುದು ತಪ್ಪು.

ಇನ್ನೊಂದು ಅನುಕೂಲ ತಿಳಿದಿರಲಿ. ಸಿಸ್ಟಂನ ಫೈಲ್ ಅಳಿಸುವ ಅಗತ್ಯವೇ ಇಲ್ಲ. ಪಟ್ಟಿಯಲ್ಲಿ ಸ್ವಿಚ್ ಆಫ್ ಮಾಡಿದರೆ ಅದು ನಮ್ಮ ಲಾಗಿನ್‌ಗೆ ಮಾತ್ರ ನಿಲ್ಲುತ್ತದೆ, ಬೇರೆಯವರಿಗೆ ಹಾಗೆಯೇ ಉಳಿಯುತ್ತದೆ. ಆದರೆ ಎಲ್ಲರೂ ಒಂದೇ ಲಾಗಿನ್ ಬಳಸುವಲ್ಲಿ ಈ ಅನುಕೂಲಕ್ಕೆ ಅರ್ಥವಿಲ್ಲ. ನಾನು ನಿಲ್ಲಿಸಿದ್ದು ನಿಮಗೂ ನಿಲ್ಲುತ್ತದೆ, ನೀವು ಸೇರಿಸಿದ್ದು ನನಗೂ ಸೇರುತ್ತದೆ.

ಆದ್ದರಿಂದ ಕಾಲೇಜಿನ ಮುಂದೆ ನನ್ನ ಮೂರು ಕೋರಿಕೆಗಳಿವೆ. ಒಂದು, ಪ್ರತಿ ವಿದ್ಯಾರ್ಥಿಗೂ ಬೇರೆ ಲಾಗಿನ್ ಕೊಡಿ. ಲಿನಕ್ಸ್ ಮಿಂಟ್‌ನಲ್ಲಿ ಹೊಸ ಬಳಕೆದಾರರನ್ನು ಸೇರಿಸಲು ಲೈಸೆನ್ಸ್ ಹಣ ಕಟ್ಟಬೇಕಿಲ್ಲ. ಲ್ಯಾಬ್ ಸರ್‌ಗೆ ಕೆಲಸ ಹೆಚ್ಚಾಗುತ್ತದೆ ಎಂಬುದು ನಿಜ, ಹೆಸರು ಸೇರಿಸಲು ನಾವು ಕೆಲವರು ಸಹಾಯಕ್ಕೆ ನಿಲ್ಲುತ್ತೇವೆ. ಎರಡು, ಲ್ಯಾಬ್‌ಗೆ ಯಾವ ಪ್ರೋಗ್ರಾಂಗಳು ಶುರುವಿನಲ್ಲೇ ಬೇಕು ಎಂದು ಬರೆದು ಗೋಡೆಗೆ ಅಂಟಿಸಿ. ಮೂರು, ವರ್ಷದ ಮೊದಲ ಪ್ರಾಕ್ಟಿಕಲ್‌ನಲ್ಲೇ ಈ ಪಟ್ಟಿ ನೋಡುವುದನ್ನು ಕಲಿಸಿ. ಹತ್ತು ನಿಮಿಷ ಸಾಕು.

‘ಅಮಾನತು’ ಎಂದರೆ ಕನ್ನಡ ಪತ್ರಿಕೆಗಳಲ್ಲಿ ಕೆಲಸದಿಂದ ತಡೆಹಿಡಿಯುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಹಾಗೆಯೇ ಹಿಂದಿರುಗಿಸಬೇಕಾದದ್ದು. ಲ್ಯಾಬ್‌ನ ಕಂಪ್ಯೂಟರ್ ನಮ್ಮ ಕೈಗೆ ಬರುವುದು ಈ ಅರ್ಥದಲ್ಲಿ. ಮುಂದಿನ ಬ್ಯಾಚ್‌ನವರು ಬಂದು ಕೂರುವಾಗ ಅವರು ಕೇಳದ ಯಾವುದೂ ಅವರ ಮುಂದೆ ತೆರೆದುಕೊಳ್ಳಬಾರದು. ಹೊಸ ಮೆಷಿನ್ ಯಾವಾಗ ಬರುತ್ತದೋ ಬರಲಿ, ಇಷ್ಟನ್ನು ಈ ವಾರವೇ ಮಾಡಬಹುದು.