ನಮ್ಮ ಹುಡುಗ, ನಮ್ಮ ಚಪ್ಪಾಳೆ

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ಸಭೆಯಲ್ಲಿ, ಅಮೆರಿಕದ ಚಿಪ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ಎಂಜಿನಿಯರೊಬ್ಬರಿಗೆ ಸನ್ಮಾನ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ ಎಲ್ಲ ಆಯಿತು. ಭಾಷಣಕಾರರು ಮುಂದಿನ ಸಾಲಿನ ಹುಡುಗರ ಕಡೆ ಕೈ ತೋರಿಸಿ, ‘ನೀವೂ ಇವರ ಹಾಗೆ ಆಗಬೇಕು. ಈ ಊರಲ್ಲಿ ಏನಿದೆ?’ ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಕಾಗದನಗರದ ಮಕ್ಕಳಿಗೆ ಭೌತಶಾಸ್ತ್ರ ಹೇಳಿದ ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು.

ಹೊರದೇಶಕ್ಕೆ ಹೋದವರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಪ್ರತಿಭಾ ಪಲಾಯನವೆಂದು ವೇದಿಕೆಯ ಮೇಲೆ ಕಣ್ಣೀರಿಟ್ಟವರೇ ತಮ್ಮ ಮಕ್ಕಳ ವೀಸಾಕ್ಕೆ ಹರಕೆ ಹೊತ್ತದ್ದನ್ನು ಕಂಡಿದ್ದೇನೆ. ನನ್ನ ಜಗಳ ಹೋದವರ ಜೊತೆಗಲ್ಲ, ಚಪ್ಪಾಳೆ ತಟ್ಟುವ ನಮ್ಮ ಜೊತೆ.

ಚಿಪ್ ಎಂದರೆ ನಮಗೆ ನೆನಪಾಗುವುದು ವಿನೋದ್ ಧಾಮ್, 1993ರ ಪೆಂಟಿಯಮ್. ಬಂಟ್ವಾಳ ಜಯಂತ ಬಾಳಿಗರ ಹೆಸರು ಎಷ್ಟು ಜನಕ್ಕೆ ಗೊತ್ತು? 1948ರಲ್ಲಿ ಮದರಾಸಿನಲ್ಲಿ ಹುಟ್ಟಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. 1969ರಲ್ಲಿ ಮದರಾಸಿನ ಐಐಟಿಯಲ್ಲಿ ಓದು ಮುಗಿಸಿ ಅಮೆರಿಕಕ್ಕೆ ಹೋದರು. 1974ರಲ್ಲಿ ಡಾಕ್ಟರೇಟ್ ಪಡೆದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯ ಸೇರಿದರು. 1980ರ ದಶಕದ ಆರಂಭದಲ್ಲಿ ಅವರು ಅಲ್ಲಿ ರೂಪಿಸಿದ ಸಾಧನದ ಹೆಸರು ಐಜಿಬಿಟಿ. (ಅದೇ ಹೊತ್ತಿಗೆ ಆರ್‌ಸಿಎ ಕಂಪನಿಯವರೂ ಇಂಥದ್ದೇ ಒಂದರ ಬೆನ್ನು ಹತ್ತಿದ್ದರು. ಇಂಥ ಕೆಲಸಗಳಿಗೆ ಒಬ್ಬನೇ ತಂದೆ ಇರುವುದು ಅಪರೂಪ.) 1988ರಲ್ಲಿ ಕಂಪನಿ ಬಿಟ್ಟು ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ, ಹತ್ತು ಲಕ್ಷ ಯೂರೋ, ಅವರ ಪಾಲಿಗೆ ಬಂತು.

ಇದು ಲೆಕ್ಕ ಮಾಡುವ ಚಿಪ್ ಅಲ್ಲ, ಕರೆಂಟನ್ನು ಆಳುವ ಚಿಪ್. ಭದ್ರಾ ಅಣೆಕಟ್ಟಿನ ನಾಲೆಯ ಗೇಟನ್ನು ಒಂದೇ ಬೆರಳಿನಿಂದ, ಅದೂ ಸೆಕೆಂಡಿಗೆ ಸಾವಿರಾರು ಸಲ, ಎತ್ತಿ ಇಳಿಸಲು ಬರುವುದಾದರೆ ಹೇಗೋ ಹಾಗೆ. ಹಿಂದೆ ಪಂಪು, ಫ್ಯಾನುಗಳ ಮೋಟಾರು ಸದಾ ಪೂರ್ತಿ ವೇಗದಲ್ಲೇ ತಿರುಗುತ್ತಿದ್ದವು. ನೀರು ಕಡಿಮೆ ಬೇಕಾದರೆ ವಾಲ್ವ್ ಬಿಗಿ ಮಾಡುತ್ತಿದ್ದರು. ಆಕ್ಸಿಲರೇಟರ್ ತುಳಿದುಕೊಂಡೇ ಬ್ರೇಕ್ ಹಿಡಿದು ಗಾಡಿ ಓಡಿಸಿದಂತೆ. ಐಜಿಬಿಟಿ ಬಂದ ಮೇಲೆ ಮೋಟಾರನ್ನು ಬೇಕಾದಷ್ಟೇ ವೇಗದಲ್ಲಿ ತಿರುಗಿಸುವುದು ಸುಲಭವಾಯಿತು, ಅಗ್ಗವೂ ಆಯಿತು. ಈಗಿನ ರೈಲು ಎಂಜಿನ್, ಕರೆಂಟಿನ ಕಾರು, ಅಡಿಗೆಮನೆಯ ಇಂಡಕ್ಷನ್ ಒಲೆ, ಎಲ್ಲದರ ಹೊಟ್ಟೆಯಲ್ಲೂ ಇದು ಇದೆ.

ಒಲೆ ಎಂದೊಡನೆ ನೆನಪಾಯಿತು. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನ್ನ ಹಳೆಯ ಶಿಷ್ಯನೊಬ್ಬ ಈಗ ಸಣ್ಣ ಅಂಗಡಿಯಲ್ಲಿ ಇಂಡಕ್ಷನ್ ಒಲೆ ರಿಪೇರಿ ಮಾಡುತ್ತಾನೆ. ಕರೆಂಟು ಏರುಪೇರಾದರೆ ಮೊದಲು ಸುಡುವುದು ಅದೇ ಚಿಪ್ ಅಂತೆ. ಡಬ್ಬಿಯ ತುಂಬ ಸುಟ್ಟವು ಬಿದ್ದಿದ್ದವು. ಬಾಳಿಗರ ಕಥೆ ಹೇಳಿದೆ. ಆತ ಕೈಲಿದ್ದ ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ: ‘ಅವರ ತಂದೆ ಎಲ್ಲಿ ಕೆಲಸಕ್ಕಿದ್ರು ಮೇಷ್ಟ್ರೇ?’

‘ಬಿಇಎಲ್‌ನಲ್ಲಿ ಕಣಯ್ಯ, ದೊಡ್ಡ ಎಂಜಿನಿಯರು.’

‘ಹಾಗಾದ್ರೆ ನಮ್ಮ ಹಂಗೇ ಕಾರ್ಖಾನೆ ಊರಿನ ಹುಡುಗ ಅನ್ನಿ.’

ನಾನು ಮನೆಯಲ್ಲಿ ಕೂತು ಹುಡುಕುತ್ತಿದ್ದ ಉತ್ತರವನ್ನು ಅವನು ಒಂದೇ ಮಾತಿನಲ್ಲಿ ಕೊಟ್ಟ. ಬಾಳಿಗರು ಬರಿಗಾಳಿಯಲ್ಲಿ ಹುಟ್ಟಿದವರಲ್ಲ. 1954ರಲ್ಲಿ ಸರ್ಕಾರ ಕಟ್ಟಿದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಊರಲ್ಲಿ, ರೇಡಿಯೋ ಎಂಜಿನಿಯರ್ ತಂದೆಯ ಮನೆಯಲ್ಲಿ ಬೆಳೆದು, ಸರ್ಕಾರದ್ದೇ ಐಐಟಿಯಲ್ಲಿ ಓದಿದವರು. ಅಧಿಕಾರಿಯ ಮಗ, ಬಿಷಪ್ ಕಾಟನ್ ಶಾಲೆಯ ಹುಡುಗ, ಕೂಲಿಯವನ ಮಗನಲ್ಲ ಎಂದು ನೀವು ಹೇಳಬಹುದು. ನಿಜವೇ. ಆದರೆ ಕೂಲಿಯವನ ಮಗನಿಗೂ ಮೀಟರು, ಮೋಟಾರು, ನೀಲಿ ನಕ್ಷೆಗಳು ಕಣ್ಣಿಗೆ ಬೀಳುತ್ತಿದ್ದ ಜಾಗ ಇಂಥ ಊರುಗಳು ಮಾತ್ರ. ನನ್ನ ತರಗತಿಯಲ್ಲಿ ಫಿಟ್ಟರನ ಮಗ ಮತ್ತು ಮ್ಯಾನೇಜರನ ಮಗಳು ಒಂದೇ ಬೆಂಚಿನಲ್ಲಿ ಕೂತಿದ್ದರು. ಟ್ರಾನ್ಸ್‌ಫಾರ್ಮರ್ ಪಾಠ ಮಾಡುವಾಗ ಫಿಟ್ಟರನ ಮಗನೇ ನನ್ನನ್ನು ತಿದ್ದಿದ್ದುಂಟು.

ಆ ಊರನ್ನು ನಾವು ಏನು ಮಾಡಿದೆವು? 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರ ಕೊನೆಯ ಹೊತ್ತಿಗೆ ನಿಂತವು. ವಿಶ್ವೇಶ್ವರಯ್ಯನವರು ನಿಂತು ಬೆಳೆಸಿದ ಕಬ್ಬಿಣದ ಕಾರ್ಖಾನೆಗೂ, ಅದು ಉತ್ಪಾದನೆ ಶುರು ಮಾಡಿ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಬಂತು. ಕಾರ್ಮಿಕರು ಧರಣಿ ಕೂತರು. ಕಾಗದದ ಕಾರ್ಖಾನೆ ನಷ್ಟದಲ್ಲಿತ್ತು, ಒಪ್ಪಿದೆ. ಭದ್ರೆಯ ನೀರು ಕೆಡಿಸಿತು, ಅದನ್ನೂ ಒಪ್ಪಿದೆ. ಹಳೆಯ ಯಂತ್ರಕ್ಕೆ ಹೊಸ ಬಂಡವಾಳ ಹಾಕಬೇಕಿತ್ತು, ‘ಹಣವಿಲ್ಲ’ ಎಂದರು.

ಹಣ ಇತ್ತು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿ ಎತ್ತಿಟ್ಟಿತು. 2023ರಲ್ಲಿ ಮೈಕ್ರಾನ್ ಕಂಪನಿ ಗುಜರಾತಿನ ಸಾನಂದದಲ್ಲಿ ಕಾರ್ಖಾನೆ ಕಟ್ಟುತ್ತೇವೆಂದಾಗ ವೆಚ್ಚದ ನೂರಕ್ಕೆ ಐವತ್ತನ್ನು ಕೇಂದ್ರ, ಇಪ್ಪತ್ತನ್ನು ಗುಜರಾತ್ ಸರ್ಕಾರ ಕೊಡುವುದೆಂದಾಯಿತು. ಆ ಕಂಪನಿಯನ್ನು ನಡೆಸುತ್ತಿದ್ದವರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ನಮ್ಮ ಹುಡುಗ ಮರಳಿ ಬಂದ ಎಂದು ಆಗಲೂ ಚಪ್ಪಾಳೆ. ಬರಲಿ, ನನಗೇನೂ ಹೊಟ್ಟೆಯುರಿಯಿಲ್ಲ. ಆದರೆ ನೂರಕ್ಕೆ ಎಪ್ಪತ್ತು ಜನರ ದುಡ್ಡು ಹಾಕಿದರೂ ಅದು ಖಾಸಗಿ ಸಾಹಸ, ಭದ್ರಾವತಿಗೆ ಹತ್ತು ರೂಪಾಯಿ ಹಾಕಿದರೆ ಮಾತ್ರ ಸರ್ಕಾರಕ್ಕೆ ಹೊರೆ ಎನ್ನುವ ಲೆಕ್ಕ ಯಾವ ಶಾಲೆಯದು? ನಾನು ಕಲಿಸಿದ್ದಂತೂ ಅಲ್ಲ.

ಸಾನಂದದ ಕಟ್ಟಡದೊಳಗೆ ಕೆಲಸ ಮಾಡುವ ಹುಡುಗ ಹುಡುಗಿಯರು ಎಲ್ಲಿಂದ ಬರಬೇಕು? ತಂದೆ ತಂದ ಕೆಟ್ಟ ಮೀಟರನ್ನು ಬಿಚ್ಚಿ ನೋಡಿದ ಮಗು ಬೇಕು. ಕೆಟ್ಟ ಮೀಟರು ತರುವ ತಂದೆಗೆ ಕೆಲಸ ಬೇಕು. ಕ್ವಾರ್ಟರ್ಸಿನ ಸಾಲುಗಳಲ್ಲಿ ಈಗ ಎಷ್ಟೋ ಮನೆಗಳ ಬಾಗಿಲಿಗೆ ಹಲಗೆ ಹೊಡೆದಿದೆ.

ಮುಂದಿನ ಸನ್ಮಾನಕ್ಕೆ ಕರೆದರೆ ಹೋಗುತ್ತೇನೆ. ಒಂದೇ ವಿನಂತಿ: ಸಭೆಯನ್ನು ಕಲ್ಯಾಣಮಂಟಪದಲ್ಲಿ ಬೇಡ, ಕಾಗದದ ಕಾರ್ಖಾನೆಯ ಗೇಟಿನ ಮುಂದೆ ಇಡಿ. ಈ ಊರಲ್ಲಿ ಏನಿದೆ ಎಂದು ಕೇಳುವವರು ಆ ಬೀಗಕ್ಕೆ ಮುಖ ಮಾಡಿ ನಿಂತು ಕೇಳಲಿ.