ರೊಕ್ಕ ಕಳಿಸುವ ಮೊದಲು ರಿಪೋರ್ಟ್ ಓದಿ

ಜನವರಿಯ ಒಂದು ರಾತ್ರಿ ತಿಕೋಟಾದ ದ್ರಾಕ್ಷಿ ತೋಟದಿಂದ ತಮ್ಮನ ಫೋನು. "ಅಣ್ಣಾ, ಪೆಟಿಯೋಲ್ ರಿಪೋರ್ಟ್ ಬಂದೈತಿ. ಪೊಟ್ಯಾಶ್ ಕಡಿಮಿ ಅಂತ. ಹತ್ತು ಚೀಲ ಹಾಕಂತ ಅಂಗಡ್ಯಾಂವ ಹೇಳ್ಯಾನ. ರೊಕ್ಕ ಕಳಸ್ತಿಯೇನು?"

ಪುಣೆಯಲ್ಲಿ ದುಡಿಯುವ ನಮ್ಮಂಥವರಿಗೆ ಇಂಥ ಫೋನು ಹೊಸದಲ್ಲ. ಮೊದಲು ರಿಪೋರ್ಟಿನ ಫೋಟೋ ಕಳಿಸು ಅಂದೆ. ನೋಡಿ ಕೇಳಿದೆ, "ಎಲೆತೊಟ್ಟು ಯಾವಾಗ ಕಿತ್ತಿ?"

"ಹೋದ ವಾರ. ಕಾಯಿ ಮೆತ್ತಗಾಗಾಕ ಹತ್ತಿದ್ವು."

ತಪ್ಪು ಅಲ್ಲೇ ಇತ್ತು. ರಿಪೋರ್ಟಿನಲ್ಲಿ ಹೋಲಿಸಿದ್ದು ಹೂ ಬಿಡುವ ಹೊತ್ತಿನ ಅಳತೆಗೆ. ಕಾಯಿ ಬಲಿಯುತ್ತಾ ಹೋದಂತೆ ಪೊಟ್ಯಾಶ್ ಕಾಯಿಗೆ ಸೇರುತ್ತದೆ, ತೊಟ್ಟಿನಲ್ಲಿ ಇಳಿಯುತ್ತದೆ. ಜನವರಿಯ ತೊಟ್ಟನ್ನು ಹೂವಿನ ಕಾಲದ ಅಳತೆಗೆ ಹಿಡಿದರೆ ಕಡಿಮೆ ಅಂತಲೇ ಕಾಣುತ್ತದೆ. ಪೊಟ್ಯಾಶ್ ಬೇಡವೆಂದಲ್ಲ, ಬೇಕೋ ಬೇಡವೋ ಎಂದು ಆ ಅಂಕಿಯಿಂದ ಹೇಳಲಾಗದು. ಸುಮ್ಮನೆ ಹೆಚ್ಚು ಸುರಿದರೆ ಬಳ್ಳಿ ಮೆಗ್ನೀಷಿಯಂ ಹೀರುವುದು ಕಡಿಮೆಯಾಗುತ್ತದೆ.

ದ್ರಾಕ್ಷಿಗೆ ತೊಟ್ಟು ಕೀಳುವ ಹೊತ್ತು ಎರಡು. ಏಪ್ರಿಲ್ ಚಾಟ್ನಿಯಾಗಿ ಸುಮಾರು 45 ದಿನಕ್ಕೆ, ಕಡ್ಡಿಯ ಬುಡದಿಂದ 5ನೇ ಎಲೆಯದು. ಅಕ್ಟೋಬರ್ ಚಾಟ್ನಿಯ ನಂತರ ಪೂರ್ತಿ ಹೂ ಬಿಟ್ಟಾಗ, ಗೊಂಚಲಿನ ಎದುರಿನ ಎಲೆಯದು. ಕಿತ್ತ ಕೂಡಲೇ ಎಲೆ ಬೇರ್ಪಡಿಸಿ ತೊಟ್ಟು ಮಾತ್ರ ಕಳಿಸಬೇಕು.

"ಹೆಚ್ಚು" ಎಂದು ಬಂದರೂ ನಂಬುವ ಮುನ್ನ ಯೋಚಿಸಿ. ಬೋರ್ಡೋ ದ್ರಾವಣ ಹೊಡೆದಿದ್ದರೆ ತಾಮ್ರ, ಮ್ಯಾಂಕೋಜೆಬ್ ಹೊಡೆದಿದ್ದರೆ ಸತು, ಮ್ಯಾಂಗನೀಸ್ ಹೆಚ್ಚು ತೋರಬಹುದು. ಅದು ಮೇಲೆ ಅಂಟಿದ ಔಷಧಿಯದು. ಕುಂಠಿತ ಬಳ್ಳಿಯಲ್ಲೂ ಸಾರಜನಕ ಸಾಕಷ್ಟು ಕಾಣಬಹುದು. ಬೆಳವಣಿಗೆ ನಿಂತಾಗ ಇದ್ದದ್ದು ಅಲ್ಲೇ ಕೂಡಿಬಿದ್ದಿರುತ್ತದೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಎಲೆಯೊಳಗೆ ಕಬ್ಬಿಣವಿದ್ದರೂ ಚಿಗುರು ಹಳದಿಯಾಗುವುದುಂಟು.

ಹಾಗಾಗಿ ತಮ್ಮನಿಗೆ ಹೇಳಿದ್ದು ಇಷ್ಟೇ: ಸೊರಗಿದ ಸಾಲಿನದು, ಚೆನ್ನಾಗಿರುವ ಸಾಲಿನದು ಬೇರೆ ಬೇರೆ ಚೀಲದಲ್ಲಿ ಕಳಿಸು. ಜೊತೆಗೆ ಮಣ್ಣು, ಬೋರಿನ ನೀರನ್ನೂ ಪರೀಕ್ಷೆ ಮಾಡಿಸು. ಚೀಟಿಯ ಮೇಲೆ ಚಾಟ್ನಿಯ ದಿನಾಂಕ ಬರೆ. ಹತ್ತು ಚೀಲದ ರೊಕ್ಕ ಕಳಿಸಲಿಲ್ಲ. ಪರೀಕ್ಷೆಯ ರೊಕ್ಕ ಕಳಿಸಿದೆ.

ಊರಿಂದ ನಿಮಗೂ ಇಂಥ ಫೋನು ಬಂದರೆ ರೊಕ್ಕದ ಮಾತಿಗೆ ಮುಂಚೆ ಕೇಳಿ: ಯಾವ ಎಲೆ, ಯಾವ ದಿನ, ಯಾವ ಹಂತದ ಅಳತೆ?