ನಿಮ್ಮ ಅಕ್ವೇರಿಯಂನ ಊರು ಯಾವುದು?

ಬೆಂಗಳೂರಿನ ಫ್ಲಾಟುಗಳಲ್ಲಿ ನಾನು ನೋಡಿದ ಅಕ್ವೇರಿಯಂಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿವೆ. ದೊಡ್ಡ ಬೂದು ಕಲ್ಲೊಂದು ಓರೆಯಾಗಿ ನಿಂತಿರುತ್ತದೆ, ಅದಕ್ಕೆ ಒರಗಿಕೊಂಡ ಹಾಗೆ ಎರಡು ಸಣ್ಣವು. ಕೆಳಗೆ ಕ್ರಿಕೆಟ್ ಮೈದಾನದ ಹಾಗೆ ಕತ್ತರಿಸಿದ ಹುಲ್ಲು. ಮೇಲೆ ಹದಿನೈದು ನಿಯಾನ್ ಟೆಟ್ರಾ. ಅದಲ್ಲದಿದ್ದರೆ ಒಣ ಬೇರಿನ ತುದಿಗೆ ಪಾಚಿ ಕಟ್ಟಿ ಮಾಡಿದ ಪುಟಾಣಿ ಬೋನ್ಸಾಯ್ ಮರ. ಐಡಿಯಾ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರವೂ ಒಂದೇ: ಪಿಂಟರೆಸ್ಟು, ಇಲ್ಲಾ ಯೂಟ್ಯೂಬು.

ಚೆಂದ ಇಲ್ಲ ಅಂತ ನಾನು ಹೇಳುತ್ತಿಲ್ಲ. ಚೆಂದವೇ. ನನ್ನ ತಕರಾರು ಬೇರೆ. ನಮ್ಮ ಕಡೆ ಹೊಸಬರು ಸಿಕ್ಕಿದರೆ ಮೊದಲು ಕೇಳುವುದು "ಊರು ಯಾವುದು?" ಅಂತ. ಈ ಗಾಜಿನ ಪೆಟ್ಟಿಗೆಗಳಿಗೆ ಆ ಪ್ರಶ್ನೆ ಕೇಳಿದರೆ ಉತ್ತರವೇ ಇಲ್ಲ. ಕಲ್ಲಿಗೆ ಜಪಾನಿ ಹೆಸರು, ಮೀನು ಅಮೆಜಾನ್ ಕಡೆಯದ್ದು, ಗಿಡ ಲ್ಯಾಬಿನಿಂದ ಬಂದದ್ದು, ಇಟ್ಟುಕೊಂಡವನು ಪುತ್ತೂರಿನವನು.

ಈ ಶೈಲಿಯ ಮೂಲಪುರುಷ ತಕಾಶಿ ಅಮಾನೊ. ಜಪಾನಿನ ನೀಗಾತಾ ಪ್ರಾಂತ್ಯದವರು, 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು. 'ನೇಚರ್ ಅಕ್ವೇರಿಯಂ' ಅನ್ನುವುದನ್ನು ಜಗತ್ತಿಗೆ ಕೊಟ್ಟವರು ಅವರೇ. ಮೇಲೆ ಹೇಳಿದ ಕಲ್ಲಿನ ಜೋಡಣೆಗೆ ಇವಾಗುಮಿ ಅಂತ ಹೆಸರು. ಆದರೆ ಅಮಾನೊ ದೊಡ್ಡ ಫೋಟೊಗ್ರಾಫರ್ ಕೂಡ ಆಗಿದ್ದರು ಅನ್ನುವುದನ್ನು ನಾವು ಮರೆಯುತ್ತೇವೆ. ಭಾರದ ಕ್ಯಾಮೆರಾ ಹೊತ್ತು ಅಮೆಜಾನ್, ಬೋರ್ನಿಯೊ, ಪಶ್ಚಿಮ ಆಫ್ರಿಕಾದ ಮಳೆಕಾಡುಗಳಲ್ಲಿ ಅಲೆದರು. ತಮ್ಮದೇ ಪ್ರಾಂತ್ಯದ ಸಾಡೊ ದ್ವೀಪದ ಮುದಿ ಸೀಡರ್ ಮರಗಳ ಎದುರು ನಿಂತರು. ಅವರು ಕಾಡನ್ನು ನೋಡಿ ಟ್ಯಾಂಕ್ ಮಾಡಿದರು. ನಾವು ಅವರ ಟ್ಯಾಂಕ್ ನೋಡಿ ಟ್ಯಾಂಕ್ ಮಾಡುತ್ತಿದ್ದೇವೆ. ಇದಕ್ಕೆ ಪ್ರೇರಣೆ ಅನ್ನುವುದಿಲ್ಲ, ಕಾಪಿ ಅನ್ನುತ್ತಾರೆ.

ನಮಗೇನು ಕಮ್ಮಿ ಮಾರಾಯ್ರೆ? ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಇರುವುದೇ ಹೊಳೆಗಳ ನಡುವೆ. ಕುಮಾರಪರ್ವತದ ಕಡೆಯಿಂದ ಇಳಿದ ಕುಮಾರಧಾರಾ ಸುಬ್ರಹ್ಮಣ್ಯ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಪಯಸ್ವಿನಿ ಕೊಡಗಿನಿಂದ ಇಳಿದು, ಸುಳ್ಯ ಪೇಟೆಯ ಪಕ್ಕದಲ್ಲೇ ಹಾದು, ಕಾಸರಗೋಡಿಗೆ ಹೋಗಿ ಚಂದ್ರಗಿರಿ ಆಗುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಹತ್ತಿದ ಬಸ್ಸು ಬೆಳಗಿನ ಜಾವ ಶಿರಾಡಿ ಘಾಟಿ ಇಳಿಯುವಾಗ ಕೆಂಪುಹೊಳೆ ಕಿಟಕಿಯ ಪಕ್ಕದಲ್ಲೇ ಇರುತ್ತದೆ. ಆಗ ನಾವು ಎಂತ ಮಾಡುತ್ತಿರುತ್ತೇವೆ? ನೆಟ್‌ವರ್ಕ್ ಬಂತಾ ಅಂತ ನೋಡುತ್ತಿರುತ್ತೇವೆ, ಅರ್ಧಕ್ಕೆ ನಿಂತ ಅಕ್ವೇರಿಯಂ ವಿಡಿಯೊ ಮುಂದುವರಿಸಲಿಕ್ಕೆ.

ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮಳೆಯ ಕೆಂಪು ನೀರು ಇಳಿದು ತಿಳಿಯಾಗಿರುವ ಹೊತ್ತಿನಲ್ಲಿ, ಅಂದರೆ ಡಿಸೆಂಬರ್ ಜನವರಿ ಹೊತ್ತಿಗೆ, ತೋಟದ ಕೆಳಗಿನ ತೋಡಿನ ಬದಿಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಫೋನು ಕಿಸೆಯಲ್ಲಿರಲಿ. ಮೊದಲು ಗೊತ್ತಾಗುವುದು, ಕಲ್ಲುಗಳು ಹೇಗೆಂದರೆ ಹಾಗೆ ಬಿದ್ದಿಲ್ಲ, ನೀರು ಅವನ್ನು ವಿಂಗಡಿಸಿ ಇಟ್ಟಿದೆ. ದೊಡ್ಡ ಬಂಡೆಯ ಎದುರು ಹರಿವು ಬಡಿದು ಬಡಿದು ಗುಂಡಿ ಬಿದ್ದಿರುತ್ತದೆ. ಬಂಡೆಯ ಹಿಂದೆ, ನೀರು ಮೆಲ್ಲಗಾಗುವಲ್ಲಿ, ನುಣ್ಣನೆಯ ಮರಳು ಬಾಲದ ಹಾಗೆ ಕೂತಿರುತ್ತದೆ. ತರಗೆಲೆ ಎಲ್ಲ ಕಡೆ ಇಲ್ಲ, ಹರಿವು ಮುಟ್ಟದ ಮೂಲೆಯಲ್ಲಿ ಮಾತ್ರ ರಾಶಿ. ಹರಿವು ಜೋರಿರುವ ನಡುನೀರಿನಲ್ಲಿ ಗಿಡ ಕಾಣುವುದೇ ಅಪರೂಪ, ಇರುವುದೆಲ್ಲ ಅಂಚಿನಲ್ಲಿ. ಮೂಡೆ ಕಟ್ಟುವ ಮುಂಡೇವಿನ ಬೇರು ನೀರಿಗಿಳಿದಿರುತ್ತದೆ, ಅದರ ಸಂದಿಯಲ್ಲಿ ಮರಿಮೀನುಗಳು. ಬೆಳಕು ಟ್ಯೂಬ್‌ಲೈಟಿನ ಹಾಗೆ ಸಮನಾಗಿ ಬೀಳುವುದಿಲ್ಲ, ಮರದ ಎಲೆಗಳ ನಡುವಿನಿಂದ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಮೀನುಗಳು ಹೆಚ್ಚಾಗಿ ಹರಿವಿಗೆ ಮುಖ ಮಾಡಿಯೇ ನಿಂತಿರುತ್ತವೆ. ಊಟ ಬರುವುದು ಆ ಕಡೆಯಿಂದ ಅಲ್ವಾ?

ಇಷ್ಟು ನೋಡಿದರೆ ನಿಮ್ಮ ಡಿಸೈನ್ ಮುಗಿಯಿತು. ಒಂದೇ ಜಾತಿಯ ಕಲ್ಲು, ಮೂರು ಅಳತೆಯಲ್ಲಿ. ಪಂಪಿನ ನೀರು ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದಕ್ಕೆ ಹರಿಯಲಿ. ದೊಡ್ಡ ಕಲ್ಲಿನ ಹಿಂದೆ ಮರಳಿನ ಬಾಲ ಬಿಡಿ. ಗಿಡವನ್ನು ಒಂದೇ ಬದಿಗೆ ನೆಡಿ, ಇನ್ನೊಂದು ಬದಿ ನೆರಳಾಗಿರಲಿ. ಎಲೆ ಹಿಂದಿನ ಮೂಲೆಗೆ. ಹತ್ತು ಜಾತಿಯ ಮೀನು ಬೇಡ, ಒಂದೇ ಜಾತಿಯ ಗುಂಪು ಸಾಕು. ಮೂರಡಿ ಟ್ಯಾಂಕಿನಲ್ಲಿ ಇದು ಆಗುತ್ತದೆ, ಮತ್ತೆ ಅದು ನಿಮ್ಮ ತೋಡಿನ ಹಾಗೆಯೇ ಕಾಣುತ್ತದೆ.

ಹೀಗೆ ನೋಡುವುದು ನಮ್ಮಲ್ಲಿ ಅಭ್ಯಾಸವೇ ಇಲ್ಲ. ಸುಳ್ಯದ ಹತ್ತಿರ ನಾನೊಮ್ಮೆ ಹೊಳೆಬದಿಯಲ್ಲಿ ಕೂತಿದ್ದಾಗ ಪರಿಚಯದ ಮಾವ ಒಬ್ಬರು ತೋಟದಿಂದ ಇಳಿದು ಬಂದರು. "ಎಂತ ಹುಡುಕುದು ಮಾರಾಯಾ, ಫೋನ್ ಬಿತ್ತಾ?" ಅಂತ ಕೇಳಿದರು. "ಇಲ್ಲ ಮಾವ, ಸುಮ್ಮನೆ ನೋಡ್ತಾ ಇದ್ದೇನೆ" ಅಂದೆ. "ನೋಡ್ಲಿಕ್ಕೆ ಎಂತ ಉಂಟು ಅದರಲ್ಲಿ? ನೀರು!" ಮಾವನನ್ನು ದೂರುವ ಹಾಗಿಲ್ಲ, ಬೆಂಗಳೂರಿನ ನಾವೂ ಅದನ್ನೇ ನಂಬಿದವರು. ಇಲ್ಲದಿದ್ದರೆ ಟ್ಯಾಂಕಿಗೆ ಐಡಿಯಾ ಹುಡುಕಲಿಕ್ಕೆ ನೀಗಾತಾದವರೆಗೆ ಯಾಕೆ ಹೋಗುತ್ತಿದ್ದೆವು?

ತಮಾಷೆ ಏನೆಂದರೆ, ನಮ್ಮದೇ ವಸ್ತು ಹೊರಗೆ ಹೋಗಿ ಬಂದರೆ ನಮಗೆ ಗೌರವ ಹುಟ್ಟುತ್ತದೆ. ಬಾದಾಮಿ ಮರದ ಒಣ ಎಲೆಯನ್ನು ನೀರಿಗೆ ಕಂದು ಬಣ್ಣ ಕೊಡಲಿಕ್ಕೆ ಅಂತ ಆನ್‌ಲೈನಿನಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಊರಲ್ಲಿ ಅದನ್ನು ಗುಡಿಸಿ ಬೆಂಕಿ ಹಾಕುತ್ತೇವೆ. ಪುತ್ತೂರಿನಲ್ಲಿ ಎಲ್ಲಿ ಅಗೆದರೂ ಸಿಗುವ ಮುರಕಲ್ಲಿಗೆ 'ಲ್ಯಾಟರೈಟ್' ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಮಲಬಾರಿನ ಕಲ್ಲು ನೋಡಿ. 1980ರ ದಶಕದಲ್ಲಿ ಜರ್ಮನಿಯವರು ಗಿಡದ ಟ್ಯಾಂಕಿನ ಅಡಿಗೆ ಹಾಕಲಿಕ್ಕೆ ಇದೇ ಲ್ಯಾಟರೈಟನ್ನು ಡಬ್ಬಿಯಲ್ಲಿ ಮಾರಿದರು, ಕಬ್ಬಿಣದ ಅಂಶ ಇದೆ ಅಂತ. ಕೆಂಪು ಎಲೆಯ ರೊಟಾಲ ಮ್ಯಾಕ್ರಾಂಡ್ರ, ಲಗೆನಾಂಡ್ರ ಮೀಬೋಲ್ಡಿ ಎರಡೂ ನಮ್ಮ ಘಟ್ಟದ ಗಿಡಗಳು. ಅವು ಈಗ ಲ್ಯಾಬಿನಲ್ಲಿ ಬೆಳೆದು ಪ್ಲಾಸ್ಟಿಕ್ ಕಪ್ಪಿನಲ್ಲಿ ಬರುತ್ತವೆ.

ಇನ್ನು ಎರಡನೇ ಜಗಳ. ಇದು ಮೊದಲನೆಯದಕ್ಕಿಂತ ದೊಡ್ಡದು. ಇಷ್ಟು ಓದಿ ಕೆಲವರಿಗೆ ಈಗಾಗಲೇ ಹುಮ್ಮಸ್ಸು ಬಂದಿರುತ್ತದೆ: "ಹೌದಲ್ವಾ, ಊರಿನ ಹೊಳೆಯಿಂದಲೇ ಕಲ್ಲು, ಗಿಡ, ಮೀನು ತಂದುಬಿಡುವ, ಫ್ರೀ!" ದಯವಿಟ್ಟು ಬೇಡ. ಈ ಕಥೆ ಮೊದಲೇ ಆಗಿ ಹೋಗಿದೆ. 'ಅಕ್ವೇರಿಯಂ' ಅನ್ನುವ ಪದವನ್ನು ಇವತ್ತಿನ ಅರ್ಥದಲ್ಲಿ ಚಾಲ್ತಿಗೆ ತಂದವನು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. 1854ರಲ್ಲಿ ಅವನ ಪುಸ್ತಕ ಬಂತು. ಕಡಲಬದಿಯ ಬಂಡೆಗುಂಡಿಗಳ ಚೆಂದವನ್ನು ಅವನು ಎಷ್ಟು ಚೆನ್ನಾಗಿ ವರ್ಣಿಸಿದ ಅಂದರೆ, ಜನ ಬುಟ್ಟಿ, ಉಳಿ ಹಿಡಿದು ಹೊರಟರು. ಮನೆಮನೆಗೆ ಗಾಜಿನ ತೊಟ್ಟಿ ಬಂತು, ಗುಂಡಿಗಳು ಬರಿದಾದವು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಅಪ್ಪನ ಬಗ್ಗೆ ಬರೆದ ಪುಸ್ತಕದಲ್ಲಿ ಆ ನಾಶವನ್ನು ನೆನೆದು ಸಂಕಟಪಟ್ಟಿದ್ದಾನೆ. ಪ್ರೀತಿಯಿಂದ ಬರೆದವನ ಪುಸ್ತಕವೇ ಆ ತೀರಕ್ಕೆ ಕುತ್ತಾಯಿತು.

ಅಷ್ಟು ದೂರ ಯಾಕೆ, ನಮ್ಮ ಪಕ್ಕದ್ದೇ ನೋಡಿ. 'ಮಿಸ್ ಕೇರಳ' ಅನ್ನುವ ಮೀನು ಅಕ್ವೇರಿಯಂ ಇಟ್ಟವರಿಗೆಲ್ಲ ಗೊತ್ತು. ಬೆಳ್ಳಿ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಅದರ ಕೆಳಗೆ ಉದ್ದಕ್ಕೆ ಕಪ್ಪು ಪಟ್ಟಿ. ಮಲಯಾಳದಲ್ಲಿ ಚೋರಕ್ಕಣ್ಣಿ, ರಕ್ತದ ಕಣ್ಣಿನವಳು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಇಲ್ಲ. ಸುಳ್ಯದಲ್ಲಿ ನಾವು ಪಯಸ್ವಿನಿ ಅನ್ನುವ ಚಂದ್ರಗಿರಿಯೂ ಅದರ ಹೊಳೆಗಳಲ್ಲಿ ಒಂದು. 1990ರ ದಶಕದಲ್ಲಿ ವಿದೇಶದ ಹವ್ಯಾಸಿಗಳ ಕಣ್ಣಿಗೆ ಬಿದ್ದದ್ದೇ ಬಿದ್ದದ್ದು, ಹೊಳೆಯಿಂದ ಬಾಚಿ ಬಾಚಿ ರಫ್ತು ಮಾಡಿದರು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ನಿರ್ಬಂಧ ಹಾಕಬೇಕಾಯಿತು. ಈಗ ಅದು ಐಯುಸಿಎನ್‌ನ ಅಪಾಯದಂಚಿನ ಪಟ್ಟಿಯಲ್ಲಿದೆ. ಅದೇ ಪಟ್ಟಿಯಲ್ಲಿ ಎಟ್ರೊಪ್ಲಸ್ ಕೆನರೆನ್ಸಿಸ್ ಕೂಡ ಇದೆ. ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ, ಹೆಸರಿನಲ್ಲೇ ನಮ್ಮ ಕೆನರಾ ಇರುವ ಮೀನು. ಯುರೋಪಿನ ಸಿಕ್ಲಿಡ್ ಹವ್ಯಾಸಿಗೆ ಅದು ಗೊತ್ತು. ಪುತ್ತೂರಿನ ಸಾಫ್ಟ್‌ವೇರ್ ಇಂಜಿನಿಯರಿಗೆ ಗೊತ್ತಿಲ್ಲ.

"ಮೀನು ಬೇಡ, ಒಂದು ಕಲ್ಲು ತಂದರೆ ಏನಾಗುತ್ತದೆ?" ಅಂತ ಕೇಳುವವರಿದ್ದಾರೆ. ಹೊಳೆಯ ಕಲ್ಲನ್ನು ತಿರುಗಿಸಿ ನೋಡಿದವರಿಗೆ ಈ ಪ್ರಶ್ನೆ ಬರುವುದಿಲ್ಲ. ಅದರ ಅಡಿಯಲ್ಲಿ ಮರಳು ಕಾಳುಗಳನ್ನು ಅಂಟಿಸಿ ಗೂಡು ಕಟ್ಟಿದ ಹುಳುಗಳಿರುತ್ತವೆ, ಮೀನುಗಳ ಊಟ ಅವು. ಮೇಲ್ಮೈಯ ಪಾಚಿಯನ್ನು ಕೆರೆದು ತಿಂದೇ ಬದುಕುವ ಮೀನುಗಳಿವೆ. ಕಲ್ಲು ಬೇಕಾದರೆ ಮನೆ ಕಟ್ಟುವಲ್ಲಿ ಉಳಿದ ಜಲ್ಲಿ, ಮುರಕಲ್ಲಿನ ತುಂಡು ತೊಳೆದು ಹಾಕಿ. ಗೊತ್ತಿಲ್ಲದ ಕಲ್ಲಿನ ಮೇಲೆ ವಿನೆಗರ್ ಬಿಟ್ಟು ನೋಡಿ, ನೊರೆ ಬಂದರೆ ಸುಣ್ಣದ ಅಂಶ ಇದೆ, ಬೇಡ. ಗಿಡಕ್ಕೆ ಲ್ಯಾಬಿನ ಕಪ್ಪೇ ಒಳ್ಳೆಯದು. ಮೀನು ಸಾಕಣೆಯಲ್ಲಿ ಹುಟ್ಟಿದ್ದಾ, ಹೊಳೆಯಿಂದ ಹಿಡಿದದ್ದಾ ಅಂತ ಅಂಗಡಿಯವರನ್ನು ಕೇಳಿ. ಉತ್ತರ ತಡವರಿಸಿದರೆ ವಾಪಸ್ ಬನ್ನಿ.

ಟ್ಯಾಂಕ್ ಬೇಸರ ಬಂದ ಮೇಲೆ ಮೀನನ್ನು "ಪಾಪ" ಅಂತ ಹೊಳೆಗೆ, ಕೆರೆಗೆ ಬಿಡುವವರೂ ಇದ್ದಾರಲ್ಲ, ಅದು ಪುಣ್ಯವಲ್ಲ. ಗಪ್ಪಿ, ಗಾಜು ಕ್ಲೀನ್ ಮಾಡಲಿಕ್ಕೆ ತಂದ ಸಕ್ಕರ್ ಮೀನು, ಕೆಂಪು ಕಿವಿಯ ಆಮೆ, ಇವು ಸ್ಥಳೀಯ ಜೀವಿಗಳ ಊಟ, ಜಾಗ ಎರಡನ್ನೂ ಕಸಿಯುತ್ತವೆ. ಬೇಡವಾದರೆ ಇನ್ನೊಬ್ಬ ಹವ್ಯಾಸಿಗೆ ಕೊಡಿ.

"ಒಂದು ಅಕ್ವೇರಿಯಂಗೆ ಇಷ್ಟೆಲ್ಲ ಯಾಕೆ? ಹೊಳೆ ಹಾಳು ಮಾಡುವವರು ಬೇರೆಯೇ ಇದ್ದಾರೆ" ಅನ್ನುವ ವಾದವೂ ಇದೆ. ಇದ್ದಾರೆ, ನಿಜ. ಏಪ್ರಿಲ್‌ ಹೊತ್ತಿಗೆ ಹೊಳೆ ಬತ್ತಿ ಅಲ್ಲಲ್ಲಿ ಗುಂಡಿ ಮಾತ್ರ ಉಳಿಯುತ್ತದೆ. ಮುಂದಿನ ಮಳೆಗಾಲದ ಮೀನಿನ ಸಂತಾನವೆಲ್ಲ ಆ ಗುಂಡಿಗಳಲ್ಲೇ ಕೂಡಿರುತ್ತದೆ. ಸರಿಯಾಗಿ ಆಗಲೇ ತೋಟೆ ಸಿಡಿಸುವುದು, ಬ್ಲೀಚಿಂಗ್ ಪೌಡರ್ ಕದಡುವುದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಮದ್ದು ಬಿಡುತ್ತೇವೆ, 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ಬೆಂಗಳೂರಿನಲ್ಲಿ ಸಿಗಡಿ ಸಾಕುವವನು ಔಷಧಿಯ ಬಾಟಲಿಯಲ್ಲಿ ತಾಮ್ರ ಇದೆಯಾ ಅಂತ ಕನ್ನಡಕ ಹಾಕಿ ಓದುತ್ತಾನೆ. ಊರಲ್ಲಿ ಅವನ ಮನೆಯವರೇ ಮದ್ದಿನ ಡ್ರಮ್ ತೊಳೆದ ನೀರನ್ನು ತೋಡಿಗೆ ಬಿಡುತ್ತಾರೆ. ಮದ್ದು ಬಿಡಬೇಡಿ ಅಂತ ಹೇಳಲಿಕ್ಕಾಗುವುದಿಲ್ಲ, ಅನ್ನದ ಪ್ರಶ್ನೆ. ಡ್ರಮ್ಮನ್ನು ತೋಡಿನಿಂದ ದೂರ ತೊಳೆಯಿರಿ ಅಂತ ಹೇಳಬಹುದಲ್ಲ? ಅದನ್ನು ಮನೆಯಲ್ಲಿ ಹೇಳಬೇಕಾದವನು ಸಿಗಡಿಗೆ ತಾಮ್ರ ಆಗುವುದಿಲ್ಲ ಅಂತ ಗೊತ್ತಿರುವ ಅವನೇ.

ನೋಡುವ ಕಣ್ಣಿದ್ದಲ್ಲಿ ಮೀನು ಉಳಿದಿದೆ. ಸುಳ್ಯ ತಾಲೂಕಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದ ಮತ್ಸ್ಯತೀರ್ಥದಲ್ಲಿ ಮಹಸೀರ್ ಮೀನುಗಳು ಮೊಣಕಾಲ ಹತ್ತಿರ ಬಂದು ನಿಲ್ಲುತ್ತವೆ. ದೇವರ ಮೀನು, ಯಾರೂ ಮುಟ್ಟುವುದಿಲ್ಲ. ಕಡಬದ ಆಚೆ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ರಾಶಿ ರಾಶಿ ಮೀನು ಸತ್ತಾಗ ಅಲ್ಲಿ ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ದಿನಾ ನೋಡುತ್ತಿದ್ದವರಿಗೆ ಅದು ಮನೆಯ ಸಾವಿನ ಹಾಗೆ ಕಂಡಿರಬೇಕು. ದೇವಸ್ಥಾನ ಇಲ್ಲದ ಹೊಳೆಗೆ ಆ ಕಣ್ಣು ಎಲ್ಲಿಂದ ಬರಬೇಕು? ದೇವರ ಭಯ ಇಲ್ಲದ ನಮ್ಮಂಥವರಿಗೆ ಅಕ್ವೇರಿಯಂ ಆ ಕೆಲಸ ಮಾಡಬಹುದು ಅನ್ನುವುದೇ ನನ್ನ ವಾದ.

ಆದ್ದರಿಂದ ಹೊಸ ಟ್ಯಾಂಕ್ ಮಾಡುವವರಿಗೆ ನನ್ನ ಬೇಡಿಕೆ ಇಷ್ಟು. ನಿಮಗೆ ಗೊತ್ತಿರುವ ಒಂದು ಜಾಗ ಆರಿಸಿ. ಹತ್ತು ಫೋಟೊ ತೆಗೆಯಿರಿ, ಬರಿಗೈಯಲ್ಲಿ ವಾಪಸ್ ಬನ್ನಿ. ಟ್ಯಾಂಕ್ ಆದ ಮೇಲೆ ಗಾಜಿನ ಮೂಲೆಗೆ ಒಂದು ಚೀಟಿ ಅಂಟಿಸಿ: 'ಗೌರಿ ಹೊಳೆ, ಸರ್ವೆ, ಜನವರಿ' ಅಂತಲೋ, 'ಪಯಸ್ವಿನಿ, ಸುಳ್ಯ' ಅಂತಲೋ. ಮನೆಗೆ ಬಂದವರು ಕೇಳುತ್ತಾರೆ, ಹೇಳಿ. ಮರುವರ್ಷ ಅದೇ ಜಾಗಕ್ಕೆ ಹೋಗಿ ಫೋಟೊ ಜೊತೆ ಹೋಲಿಸಿ ನೋಡಿ. ಮರಳಿನ ಬಾಲ ಕಾಣೆಯಾಗಿದ್ದರೆ, ನೀರಿನಲ್ಲಿ ನೊರೆ ಇದ್ದರೆ, ಮೀನಿನ ಗುಂಪು ಇಲ್ಲದಿದ್ದರೆ ನಿಮಗೆ ಗೊತ್ತಾಗುತ್ತದೆ. ಆಗ ಪಂಚಾಯತಿಗೆ ಹೋಗಿ ಯಾಕೆ ಹೀಗಾಯಿತು ಅಂತ ಕೇಳಿ. ಫೋಟೊ ನಿಮ್ಮ ಹತ್ತಿರ ಇರುತ್ತದೆ.